ಹಡಗಿನ ಕೊಟೇಶನ್ ಓದೋದು ಹೇಗೆ? ಮೊದಲ ಸಲ ವಿದೇಶಕ್ಕೆ ಸರಕು ಕಳಿಸುವವರಿಗೆ

"ಕೊಟೇಶನ್ ಬಂದಿದೆ, ಅರ್ಧ ಅರ್ಥವೇ ಆಗ್ತಿಲ್ಲ. ಎಫ್‌ಒಬಿ ಅಂತಿದೆ, ಟಿಎಚ್‌ಸಿ ಅಂತಿದೆ, ಕೊನೇಲಿ ಸಬ್ಜೆಕ್ಟ್ ಟು ಜಿಆರ್‌ಐ ಅಂತಿದೆ. ಒಪ್ಕೊಳ್ಳಲಾ?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರು ಕಾಫಿ ಬೆಳೆಗಾರರು, ಆಟಿಕೆ ಮಾಡುವವರು, ಒಣಮೆಣಸಿನಕಾಯಿ ವ್ಯಾಪಾರಿಗಳು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಪದಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ಪದ ಎದುರಾದಾಗಲೂ ಎರಡೇ ಪ್ರಶ್ನೆ ಕೇಳಿ: ಈ ಹಣ ಯಾರು ಕೊಡಬೇಕು? ಇಲ್ಲಿ ಸರಕು ಹಾಳಾದರೆ ನಷ್ಟ ಯಾರದ್ದು? ಕೊಟೇಶನ್ನಿನ ಮುಕ್ಕಾಲು ಪದಗಳು ಈ ಎರಡಕ್ಕೇ ಉತ್ತರ ಹೇಳುತ್ತವೆ.

ಉದಾಹರಣೆಗೆ ಒಂದೇ ಸರಕನ್ನು ಇಟ್ಟುಕೊಳ್ಳೋಣ. ಚಿಕ್ಕಮಗಳೂರಿನ 320 ಚೀಲ ಕಾಫಿ ಬೀಜ, ಒಂದೊಂದು ಚೀಲ 60 ಕಿಲೋ. ಪಣಂಬೂರಿನ ನವಮಂಗಳೂರು ಬಂದರಿನಿಂದ ಇಟಲಿಯ ಜಿನೋವಾಕ್ಕೆ ಹೋಗಬೇಕು.

ಹಂತ 1: ಎದುರಿಗೆ ಇರುವವರು ಯಾರು ಅಂತ ತಿಳಿದುಕೊಳ್ಳಿ

ಹಡಗು ಓಡಿಸುವ ಕಂಪನಿಗೆ ಶಿಪ್ಪಿಂಗ್ ಲೈನ್ ಅನ್ನುತ್ತಾರೆ. ನಿಮ್ಮ ಪರವಾಗಿ ಹಡಗಿನಲ್ಲಿ ಜಾಗ ಹಿಡಿದು, ಲಾರಿಯಿಂದ ಹಿಡಿದು ಕಾಗದಪತ್ರದವರೆಗೆ ನೋಡಿಕೊಳ್ಳುವವರು ಫ್ರೈಟ್ ಫಾರ್ವರ್ಡರ್. ಕಸ್ಟಮ್ಸ್ ಕೆಲಸ ಮಾಡಿಸುವವರು ಕಸ್ಟಮ್ಸ್ ಬ್ರೋಕರ್. ಬಂದರಿನ ಸುತ್ತಮುತ್ತ ಈಗಲೂ ಇವರನ್ನು ಸಿಎಚ್‌ಎ ಅಂತಲೇ ಕರೆಯುತ್ತಾರೆ. ಇವರಿಗೆ ಕಸ್ಟಮ್ಸ್ ಇಲಾಖೆಯ ಲೈಸೆನ್ಸ್ ಇರಲೇಬೇಕು, ಕೇಳಿ ನೋಡಿ.

ಇನ್ನೊಬ್ಬರು ಇದ್ದಾರೆ, ಎನ್‌ವಿಒಸಿಸಿ. ಇವರ ಬಳಿ ಸ್ವಂತ ಹಡಗು ಇರುವುದಿಲ್ಲ. ಹಡಗು ಕಂಪನಿಯಿಂದ ಜಾಗ ಕೊಂಡು ನಮ್ಮಂಥವರಿಗೆ ಮಾರುತ್ತಾರೆ, ತಮ್ಮದೇ ರಸೀದಿ ಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಕೈಗೆ ಬರುವ ಕಾಗದ ಯಾರದ್ದು ಅಂತ ಮೊದಲೇ ಗೊತ್ತಿರಬೇಕು. ಯಾಕೆ ಅಂತ ಹಂತ 8ರಲ್ಲಿ ಹೇಳುತ್ತೇನೆ.

ಹಂತ 2: ಸರಕು ಎಷ್ಟು ಜಾಗ ಹಿಡಿಯುತ್ತೆ ಅಂತ ಲೆಕ್ಕ ಹಾಕಿ

ಇಡೀ ಕಂಟೇನರ್ ನಿಮ್ಮದೇ ಆದರೆ ಎಫ್‌ಸಿಎಲ್. ಒಂದೇ ಕಂಟೇನರ್‌ನಲ್ಲಿ ಹತ್ತು ಜನರ ಸರಕಿನ ಜೊತೆ ನಿಮ್ಮದೂ ಹೋದರೆ ಎಲ್‌ಸಿಎಲ್. ನಮ್ಮ 320 ಚೀಲ, ಅಂದರೆ 19.2 ಟನ್, 20 ಅಡಿ ಕಂಟೇನರ್ ಒಂದಕ್ಕೆ ಸರಿಹೋಗುತ್ತೆ. ಹಾಗಾಗಿ ಎಫ್‌ಸಿಎಲ್.

20 ಅಡಿ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತೆ. 40 ಅಡಿಯದ್ದರಲ್ಲಿ ಸುಮಾರು 67. ಒಂದು ಅಡಿ ಎತ್ತರ ಜಾಸ್ತಿ ಇರುವ ಹೈ ಕ್ಯೂಬ್ ಅನ್ನುವುದರಲ್ಲಿ ಸುಮಾರು 76. ಟಿಇಯು ಅಂದರೆ 20 ಅಡಿ ಕಂಟೇನರ್ ಒಂದರ ಅಳತೆ. 40 ಅಡಿಯ ಒಂದು ಕಂಟೇನರ್ ಎರಡು ಟಿಇಯು ಆಯಿತು. ಹಡಗಿನ, ಬಂದರಿನ ಸಾಮರ್ಥ್ಯವನ್ನೆಲ್ಲ ಇದರಲ್ಲೇ ಹೇಳುವುದು.

ಸಿಬಿಎಂ ಅಂದರೆ ಘನ ಮೀಟರ್. ಎಲ್‌ಸಿಎಲ್ ಬಾಡಿಗೆ ನಿಂತಿರುವುದೇ ಇದರ ಮೇಲೆ. ಚನ್ನಪಟ್ಟಣದ ಆಟಿಕೆ ಕಳಿಸುತ್ತಿದ್ದೀರಿ ಅಂದುಕೊಳ್ಳಿ. ಪೆಟ್ಟಿಗೆ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಒಂದು ಪೆಟ್ಟಿಗೆಗೆ 0.096 ಸಿಬಿಎಂ, 50 ಪೆಟ್ಟಿಗೆಗೆ 4.8 ಸಿಬಿಎಂ. ಪೆಟ್ಟಿಗೆಗೆ 12 ಕಿಲೋದಂತೆ ಒಟ್ಟು ತೂಕ 600 ಕಿಲೋ.

ಹಡಗಿನಲ್ಲಿ 1 ಸಿಬಿಎಂ ಅನ್ನು 1 ಟನ್‌ಗೆ ಸಮ ಅಂತ ಹಿಡಿದು, ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಕೊಟೇಶನ್ನಿನಲ್ಲಿ ಇದಕ್ಕೆ ಡಬ್ಲ್ಯು/ಎಂ ಅಂತ ಬರೆದಿರುತ್ತೆ. ಇಲ್ಲಿ ತೂಕ 0.6 ಟನ್, ಜಾಗ 4.8. ನೀವು 4.8ಕ್ಕೆ ಕೊಡಬೇಕು. ವಿಮಾನದ ಲೆಕ್ಕ ಬೇರೆ. ಅಲ್ಲಿ ಘನ ಸೆಂಟಿಮೀಟರನ್ನು 6000ದಿಂದ ಭಾಗಿಸುತ್ತಾರೆ. ನಮ್ಮ 4.8 ಸಿಬಿಎಂ 800 ಕಿಲೋ ಆಗುತ್ತೆ. ನಿಜವಾದ ತೂಕ 600 ಆದರೂ ಬಿಲ್ ಬರುವುದು 800ಕ್ಕೆ. ಪೆಟ್ಟಿಗೆಯ ಎತ್ತರವನ್ನು ಐದು ಸೆಂ.ಮೀ. ಇಳಿಸಿದರೂ ದುಡ್ಡು ಉಳಿಯುತ್ತೆ.

ಹಂತ 3: ಬೆಲೆ ಹೇಳುವ ಮುಂಚೆ ಇನ್‌ಕೋಟರ್ಮ್ ತೀರ್ಮಾನಿಸಿ

ಈ ಹಂತವನ್ನು ನಿಧಾನವಾಗಿ ಓದಿ. ದೊಡ್ಡ ದೊಡ್ಡ ನಷ್ಟಗಳು ಶುರುವಾಗುವುದೇ ಇಲ್ಲಿ.

ಮಾರುವವರ ಹೊಣೆ ಎಲ್ಲಿಗೆ ಮುಗಿಯುತ್ತೆ, ಕೊಳ್ಳುವವರದ್ದು ಎಲ್ಲಿಂದ ಶುರು ಅಂತ ಹೇಳುವ ಮೂರಕ್ಷರದ ಪದಗಳೇ ಇನ್‌ಕೋಟರ್ಮ್ಸ್. ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಇವನ್ನು ಮೊದಲು ಪ್ರಕಟಿಸಿತು. ಈಗ ನಡೆಯುತ್ತಿರುವುದು 2020ರ ಆವೃತ್ತಿ. ಅದರಲ್ಲಿ 11 ಪದಗಳಿವೆ. ಶುರುವಿಗೆ ಆರು ಗೊತ್ತಿದ್ದರೆ ಸಾಕು.

ಇಎಕ್ಸ್‌ಡಬ್ಲ್ಯು: ನಿಮ್ಮ ಗೋದಾಮಿನ ಬಾಗಿಲಲ್ಲಿ ಸರಕು ಇಟ್ಟರೆ ನಿಮ್ಮ ಕೆಲಸ ಮುಗಿಯಿತು. ಕೇಳೋಕೆ ಸುಲಭ. ಆದರೆ ಇದರಲ್ಲಿ ರಫ್ತಿನ ಕಸ್ಟಮ್ಸ್ ಕೆಲಸವೂ ಕೊಳ್ಳುವವರ ತಲೆಗೆ ಬೀಳುತ್ತೆ. ಇಟಲಿಯವರು ಇಲ್ಲಿ ಅದನ್ನು ಮಾಡಿಸುವುದು ಹೇಗೆ? ಕೊನೆಗೆ ಅದು ನಿಮ್ಮ ಹತ್ತಿರವೇ ಬರುತ್ತೆ, ಬೆಲೆಯಲ್ಲಿ ಮಾತ್ರ ಸೇರಿರುವುದಿಲ್ಲ. ವಿದೇಶಿ ವ್ಯಾಪಾರಕ್ಕೆ ಇದನ್ನು ಬಳಸಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ.

ಎಫ್‌ಸಿಎ: ರಫ್ತು ಕಸ್ಟಮ್ಸ್ ಮುಗಿಸಿ, ಕೊಳ್ಳುವವರು ಹೇಳಿದ ಸಾಗಣೆದಾರರ ಕೈಗೆ ನೀವು ಸರಕು ಒಪ್ಪಿಸುತ್ತೀರಿ. ಅಲ್ಲಿಗೆ ನಿಮ್ಮ ಹೊಣೆ ಮುಗಿಯಿತು.

ಎಫ್‌ಒಬಿ: ಸರಕು ಹಡಗಿನ ಮೇಲೆ ಏರುವವರೆಗಿನ ಖರ್ಚು, ಹೊಣೆ ಎರಡೂ ನಿಮ್ಮದು. ಆಮೇಲೆ ಕೊಳ್ಳುವವರದ್ದು.

ಸಿಎಫ್‌ಆರ್: ಎಫ್‌ಒಬಿಯ ಜೊತೆಗೆ ಹಡಗಿನ ಬಾಡಿಗೆಯನ್ನೂ ನೀವೇ ಕೊಡುತ್ತೀರಿ. ಸಿಐಎಫ್: ಬಾಡಿಗೆಯ ಜೊತೆ ವಿಮೆಯನ್ನೂ ನೀವೇ ಮಾಡಿಸುತ್ತೀರಿ.

ಡಿಡಿಪಿ: ಅವರ ದೇಶದ ಆಮದು ಸುಂಕ, ತೆರಿಗೆ ಎಲ್ಲ ಕಟ್ಟಿ ಮನೆ ಬಾಗಿಲಿಗೆ ಮುಟ್ಟಿಸಬೇಕು. ಅಲ್ಲಿನ ತೆರಿಗೆ ಗೊತ್ತಿಲ್ಲದೆ ಇದಕ್ಕೆ ಹೂಂ ಅನ್ನಬೇಡಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. "ಸಿಐಎಫ್ ಜಿನೋವಾ ಅಂತ ಮಾರಿದ್ದೀನಿ. ಅಂದ್ಮೇಲೆ ಜಿನೋವಾ ಮುಟ್ಟೋವರೆಗೂ ಹೊಣೆ ನಂದೇ ಅಲ್ವಾ?" ಅಲ್ಲ. ಸಿಎಫ್‌ಆರ್, ಸಿಐಎಫ್ ಎರಡರಲ್ಲೂ ಖರ್ಚು ಒಂದು ಕಡೆ ಮುಗಿಯುತ್ತೆ, ಹೊಣೆ ಇನ್ನೊಂದು ಕಡೆ. ಬಾಡಿಗೆ ನೀವು ಜಿನೋವಾದವರೆಗೆ ಕಟ್ಟಿದ್ದೀರಿ, ನಿಜ. ಆದರೆ ಹೊಣೆ ಪಣಂಬೂರಿನಲ್ಲಿ ಸರಕು ಹಡಗು ಹತ್ತಿದ ಕೂಡಲೇ ಕೊಳ್ಳುವವರಿಗೆ ದಾಟಿತು. ನಡುಸಮುದ್ರದಲ್ಲಿ ಕಾಫಿ ನೆಂದರೆ ನಷ್ಟ ಅವರದ್ದು, ಪರಿಹಾರ ಕೇಳಬೇಕಾದವರೂ ಅವರೇ. ಇದು ಕೊಳ್ಳುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಸೌಜನ್ಯದಿಂದ ಮೊದಲೇ ಹೇಳಿಬಿಡಿ, ಆಮೇಲೆ ಜಗಳ ತಪ್ಪುತ್ತೆ.

ಎರಡನೇ ಎಡವಟ್ಟು ಎಫ್‌ಒಬಿಯದ್ದು. ಕಂಟೇನರ್ ಸರಕನ್ನು ನೀವು ಕೈಯಾರೆ ಹಡಗಿಗೆ ಹತ್ತಿಸುವುದಿಲ್ಲ. ಬಂದರಿನ ಗೇಟಿನಲ್ಲಿ ಒಪ್ಪಿಸಿ ಬರುತ್ತೀರಿ. ಅದು ಯಾರ್ಡ್‌ನಲ್ಲಿ ನಾಲ್ಕು ದಿನ ಕೂರಬಹುದು. ಆ ನಾಲ್ಕು ದಿನ ಸರಕು ನಿಮ್ಮ ಕೈಯಲ್ಲಿಲ್ಲ, ಹೊಣೆ ಮಾತ್ರ ನಿಮ್ಮದೇ. ಅದಕ್ಕೇ ಕಂಟೇನರ್ ಸರಕಿಗೆ ಎಫ್‌ಒಬಿ ಬದಲು ಎಫ್‌ಸಿಎ ಬಳಸಿ ಅಂತ ಆ ಮಂಡಳಿಯೇ ಸಲಹೆ ಕೊಡುತ್ತದೆ. ನಮ್ಮಲ್ಲಿ ಎಫ್‌ಒಬಿ ರೂಢಿ ಬಿಟ್ಟಿಲ್ಲ. ಬಿಡಲು ಆಗದಿದ್ದರೆ ಆ ದಿನಗಳಿಗೂ ಸೇರಿಸಿ ವಿಮೆ ಮಾಡಿಸಿ.

ಬರೆಯುವಾಗ ಮೂರಕ್ಷರ ಸಾಲದು. "ಎಫ್‌ಸಿಎ, ಪಣಂಬೂರು, ಇನ್‌ಕೋಟರ್ಮ್ಸ್ 2020" ಅಂತ ಜಾಗ, ವರ್ಷ ಎರಡೂ ಇರಲಿ.

ಹಂತ 4: ಕೊಟೇಶನ್ನಿನ ಸಾಲುಗಳನ್ನು ಒಂದೊಂದಾಗಿ ಬಿಡಿಸಿ

ಓಷನ್ ಫ್ರೈಟ್ ಅಂದರೆ ಹಡಗಿನ ಮೂಲ ಬಾಡಿಗೆ. ಅದರ ಕೆಳಗಿನದ್ದೆಲ್ಲ ಸೇರ್ಪಡೆ. ಟಿಎಚ್‌ಸಿ ಅಂದರೆ ಬಂದರಿನೊಳಗೆ ಕಂಟೇನರ್ ಎತ್ತಿ ಇಳಿಸುವ ಕೂಲಿ. ಇದು ಎರಡೂ ತುದಿಯಲ್ಲಿ ಇರುತ್ತೆ. ಬಿಎಎಫ್ ಇಂಧನದ ಬೆಲೆ ಏರಿಳಿತಕ್ಕೆ, ಸಿಎಎಫ್ ಕರೆನ್ಸಿಯ ಏರಿಳಿತಕ್ಕೆ, ಪಿಎಸ್‌ಎಸ್ ಸೀಸನ್ ಜೋರಾಗಿರುವಾಗ. ಜಿಆರ್‌ಐ ಅಂದರೆ ಹಡಗು ಕಂಪನಿ ಮೂಲ ಬಾಡಿಗೆಯನ್ನೇ ಏರಿಸುವುದು. "ಸಬ್ಜೆಕ್ಟ್ ಟು ಜಿಆರ್‌ಐ" ಅಂತಿದ್ದರೆ ಇವತ್ತಿನ ದರ ನಾಳೆಗೆ ಖಾತ್ರಿ ಇಲ್ಲ ಅಂತ ಅರ್ಥ. ದರ ಯಾವ ತಾರೀಖಿನವರೆಗೆ ಅಂತ ಬರಹದಲ್ಲಿ ಕೇಳಿ.

ಇವು ಸುಮ್ನೆ ಕಾಗದದ ಮೇಲಿನ ಮಾತಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ, ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋದವು. ದಾರಿ ಉದ್ದವಾಯಿತು, ಇಂಧನ ಜಾಸ್ತಿ ಉರಿಯಿತು, ಒಂದರ ಹಿಂದೆ ಒಂದು ಹೊಸ ಸರ್‌ಚಾರ್ಜ್ ಬಂತು. ಸಿಎಫ್‌ಆರ್ ದರಕ್ಕೆ ಮಾರಿದ್ದವರು ಆ ಹೆಚ್ಚಳವನ್ನು ತಾವೇ ಹೊರಬೇಕಾಯಿತು.

ಎಚ್ಚರಿಕೆ: ಎಲ್‌ಸಿಎಲ್‌ನಲ್ಲಿ ಓಷನ್ ಫ್ರೈಟ್ ತುಂಬಾ ಕಡಿಮೆ, ಕೆಲವೊಮ್ಮೆ ಸೊನ್ನೆ ಅಂತಲೂ ತೋರಿಸುತ್ತಾರೆ. ಆಚೆ ಬಂದರಿನಲ್ಲಿ ನಿಮ್ಮ ಗ್ರಾಹಕರಿಂದ ಅದನ್ನು ದುಪ್ಪಟ್ಟು ಎಳೆಯುತ್ತಾರೆ. ಡೆಸ್ಟಿನೇಶನ್ ಚಾರ್ಜ್ ಎಷ್ಟು ಅಂತ ಈಚೆಯಿಂದಲೇ ಬರೆಸಿಕೊಳ್ಳಿ.

ಹಂತ 5: ಬುಕಿಂಗ್ ಮಾಡಿ, ಕಟ್‌ಆಫ್ ಬರೆದಿಟ್ಟುಕೊಳ್ಳಿ

ಇಟಿಡಿ ಅಂದರೆ ಹಡಗು ಹೊರಡುವ ಅಂದಾಜು ದಿನ. ಇಟಿಎ ಮುಟ್ಟುವ ಅಂದಾಜು ದಿನ. ಎರಡೂ ಅಂದಾಜು ಮಾತ್ರ. ನಿಮಗೆ ಮುಖ್ಯವಾದದ್ದು ಕಟ್‌ಆಫ್, ಅಂದರೆ ಗಡುವು. ಅದರಲ್ಲಿ ಮೂರು ಇವೆ: ಕಂಟೇನರ್ ಗೇಟಿನೊಳಗೆ ಹೋಗಬೇಕಾದ ಗಡುವು, ತೂಕ ತಿಳಿಸುವ ಗಡುವು, ಎಸ್‌ಐ ಗಡುವು. ಎಸ್‌ಐ ಅಂದರೆ ಬಿಲ್ ಆಫ್ ಲೇಡಿಂಗ್ ಅನ್ನುವ ಸಾಗಣೆ ರಸೀದಿಯಲ್ಲಿ (ಹಂತ 8 ನೋಡಿ) ಏನೇನು ಬರೆಯಬೇಕು ಅಂತ ನೀವು ಕೊಡುವ ವಿವರ.

ಗಡುವು ತಪ್ಪಿದರೆ ಕಂಟೇನರ್ ಮುಂದಿನ ಹಡಗಿಗೆ ಹೋಗುತ್ತೆ. ಇದಕ್ಕೆ ರೋಲ್‌ಓವರ್ ಅನ್ನುತ್ತಾರೆ. ಗಡುವಿನ ದಿನವೇ ಮುಟ್ಟಿಸುವ ಲೆಕ್ಕ ಹಾಕಬೇಡಿ. ಮಳೆಗಾಲದಲ್ಲಿ ಘಾಟಿ ಯಾವಾಗ ಬಂದ್ ಆಗುತ್ತೋ ಹೇಳಲಾಗದು. ಎರಡು ದಿನ ಕೈಯಲ್ಲಿರಲಿ.

ಹಂತ 6: ಕಂಟೇನರ್ ಬಂದಾಗ ಕಣ್ಣಾರೆ ನೋಡಿ

ಲಾರಿಯಲ್ಲಿ ಖಾಲಿ ಕಂಟೇನರ್ ಬಂದು ನಿಂತಿತು. ತುಂಬಿಸೋಕೆ ಅವಸರ ಮಾಡಬೇಡಿ. ಮೊದಲು ಒಳಗೆ ಹೋಗಿ, ಹೊರಗೆ ಒಬ್ಬರನ್ನು ನಿಲ್ಲಿಸಿ ಬಾಗಿಲು ಮುಚ್ಚಿಸಿ. ಕತ್ತಲಲ್ಲಿ ಒಂದು ನಿಮಿಷ ನಿಂತು ಮೇಲೆ, ಮೂಲೆಗಳಲ್ಲಿ, ಬಾಗಿಲ ರಬ್ಬರಿನ ಅಂಚಿನಲ್ಲಿ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿಂದ ನೀರು ಬರುತ್ತೆ. ಹಾಗೇ ಮೂಗಿಗೆ ಕೆಲಸ ಕೊಡಿ. ಹಿಂದಿನ ಸಲ ಅದರಲ್ಲಿ ರಾಸಾಯನಿಕ ಹೋಗಿದ್ದರೆ ವಾಸನೆ ಉಳಿದಿರುತ್ತೆ, ಕಾಫಿ ಅದನ್ನು ಹೀರಿಕೊಳ್ಳುತ್ತೆ. ಅನುಮಾನ ಬಂದರೆ ಬೇರೆ ಕಂಟೇನರ್ ಕೇಳಿ. ತುಂಬುವ ಮುಂಚೆ ಕೇಳುವುದು ನಿಮ್ಮ ಹಕ್ಕು.

ಬಾಗಿಲ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ ಇರುತ್ತೆ. ಅದು ಕಂಟೇನರ್ ನಂಬರ್. ಕೊನೆಯ ಅಂಕಿ ಚೆಕ್ ಡಿಜಿಟ್, ಅಂದರೆ ಉಳಿದವು ಸರಿ ಇವೆಯಾ ಅಂತ ತಾಳೆ ನೋಡಲು ಹಾಕಿದ್ದು. ಅದರ ಕೆಳಗಿನ "ಟೇರ್" ಅಂದರೆ ಖಾಲಿ ಕಂಟೇನರ್ ತೂಕ.

ಈಗ ತೂಕದ ಮೂರು ಪದ. ನಮ್ಮ ಕಾಫಿಯ ನೆಟ್ ವೇಟ್ 19,200 ಕಿಲೋ. ಗೋಣಿಚೀಲ ಒಂದಕ್ಕೆ 700 ಗ್ರಾಂ ಅಂತ ಹಿಡಿದರೆ 320ಕ್ಕೆ 224 ಕಿಲೋ. ಸೇರಿಸಿದರೆ ಗ್ರಾಸ್ ವೇಟ್ 19,424. ಕಂಟೇನರಿನ ಟೇರ್ 2,230 ಇದ್ದರೆ ಒಟ್ಟು 21,654. ಈ ಕೊನೆಯದೇ ವಿಜಿಎಂ. 2016ರ ಜುಲೈ 1ರಿಂದ ಪ್ರಪಂಚದಾದ್ಯಂತ ವಿಜಿಎಂ ಇಲ್ಲದೆ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ. ತೂಕ ಸುಳ್ಳು ಹೇಳಿದರೆ ಹಡಗಿನ ಮೇಲೆ ಅಡುಕಿದ ಸಾಲೇ ಉರುಳಬಹುದು. ಕೆಲಸ ಮಾಡುವವರ ಜೀವದ ಮಾತಿದು, ಅಂದಾಜಿನಲ್ಲಿ ಬರೆಯಬೇಡಿ.

ಕಾಫಿ, ಮೆಣಸಿನಕಾಯಿಯಂಥ ಸರಕಿಗೆ ಒಳಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕಿ. ಬಿಸಿ ನಾಡಿನಿಂದ ತಣ್ಣನೆಯ ಸಮುದ್ರಕ್ಕೆ ಹೋದಾಗ ಒಳಗಿನ ಹಬೆ ಚಾವಣಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತೆ. ಅದಕ್ಕೆ ಕಂಟೇನರ್ ರೇನ್ ಅಂತಲೇ ಹೆಸರು. ಮರದ ಪ್ಯಾಲೆಟ್ ಬಳಸಿದರೆ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದಲ್ಲಿನ ಹುಳು ಸಾಯುವಂತೆ ಬಿಸಿ ಅಥವಾ ಹೊಗೆ ಉಪಚಾರ ಆಗಿದೆ ಅನ್ನುವ ಗುರುತು ಅದು. ಮುದ್ರೆ ಇಲ್ಲದಿದ್ದರೆ ಆಚೆ ಬಂದರಿನಲ್ಲಿ ಸರಕನ್ನೇ ತಡೆಯಬಹುದು.

ಬಾಗಿಲಿಗೆ ಬೋಲ್ಟ್ ಸೀಲ್ ಹಾಕಿದ ಮೇಲೆ ಸೀಲ್ ನಂಬರ್, ಕಂಟೇನರ್ ನಂಬರ್ ಎರಡೂ ಕಾಣುವ ಹಾಗೆ ಫೋಟೋ ತೆಗೆಯಿರಿ.

ಹಂತ 7: ಕಸ್ಟಮ್ಸ್

ಇದನ್ನು ಬ್ರೋಕರ್ ಮಾಡುತ್ತಾರೆ, ನಿಮಗೆ ಪದಗಳ ಪರಿಚಯ ಇದ್ದರೆ ಸಾಕು. ಐಇಸಿ ಅಂದರೆ ಆಮದು-ರಫ್ತಿಗೆ ಡಿಜಿಎಫ್‌ಟಿ, ಅಂದರೆ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಗುರುತು. ಈಗ ನಿಮ್ಮ ಪ್ಯಾನ್ ಸಂಖ್ಯೆಯೇ ಅದು. ಎಚ್‌ಎಸ್ ಕೋಡ್ ಅಂದರೆ ಸರಕಿನ ಜಾತಿ ಹೇಳುವ ಅಂಕಿ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ನಮ್ಮಲ್ಲಿ ಒಟ್ಟು ಎಂಟು. ಹುರಿಯದ ಕಾಫಿ 0901 11ರಲ್ಲಿ ಬರುತ್ತೆ. ರಫ್ತಿಗೆ ಸಲ್ಲಿಸುವ ಅರ್ಜಿ ಶಿಪ್ಪಿಂಗ್ ಬಿಲ್, ಆಮದಿಗೆ ಬಿಲ್ ಆಫ್ ಎಂಟ್ರಿ. ಕಸ್ಟಮ್ಸ್ ಅಧಿಕಾರಿ ಕೊಡುವ ಕೊನೆಯ ಒಪ್ಪಿಗೆ ಎಲ್‌ಇಒ. ಅದು ಸಿಗದೆ ಸರಕು ಹಡಗು ಹತ್ತುವುದಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಪದ ಬೇಕು: ಐಸಿಡಿ, ಅಂದರೆ ಒಳನಾಡಿನ ಬಂದರು. ವೈಟ್‌ಫೀಲ್ಡ್‌ನಲ್ಲಿ ಇದೆ. ಕಸ್ಟಮ್ಸ್ ಅಲ್ಲೇ ಮುಗಿಸಿ, ಸೀಲ್ ಆದ ಕಂಟೇನರನ್ನು ಚೆನ್ನೈನಂಥ ಬಂದರಿಗೆ ಕಳಿಸಬಹುದು.

ಹಂತ 8: ಬಿಲ್ ಆಫ್ ಲೇಡಿಂಗ್ ಅನ್ನು ಅಕ್ಷರ ಬಿಡದೆ ಓದಿ

ಎಲ್ಲರೂ ಬಿಎಲ್ ಅನ್ನುವ ಈ ಕಾಗದಕ್ಕೆ ಮೂರು ಕೆಲಸ. ಸರಕು ಸಿಕ್ಕಿತು ಅನ್ನುವ ರಸೀದಿ. ಸಾಗಿಸುತ್ತೇವೆ ಅನ್ನುವ ಕರಾರಿನ ಪುರಾವೆ. ಮೂರನೆಯದು, ಸರಕಿನ ಮೇಲಿನ ಹಕ್ಕಿನ ಪತ್ರ. ಮೂಲ ಬಿಎಲ್ ಯಾರ ಕೈಯಲ್ಲಿದೆಯೋ ಅವರಿಗೆ ಸರಕು. ಸಾಮಾನ್ಯವಾಗಿ ಮೂರು ಮೂಲ ಪ್ರತಿ ಕೊಡುತ್ತಾರೆ. ಮೂರರಲ್ಲಿ ಯಾವುದೇ ಒಂದನ್ನು ಕೊಟ್ಟು ಸರಕು ಬಿಡಿಸಿಕೊಳ್ಳಬಹುದು. ಹಾಗಾಗಿ ಹಣ ಖಾತ್ರಿ ಆಗುವ ಮುಂಚೆ ಒಂದೇ ಒಂದು ಮೂಲ ಪ್ರತಿಯನ್ನೂ ಕಳಿಸಬೇಡಿ. ಭಾರತದಲ್ಲಿ ಬಿಎಲ್‌ಗೆ 1856ರ ಕಾನೂನು ಇತ್ತು, ಅದರ ಜಾಗಕ್ಕೆ 2025ರಲ್ಲಿ ಹೊಸ ಕಾನೂನು ಬಂದಿದೆ.

ಬಿಎಲ್‌ನ ಡ್ರಾಫ್ಟ್, ಅಂದರೆ ಕರಡು ಬಂದಾಗ ಪೆನ್ಸಿಲ್ ಹಿಡಿದು ಕೂತು ಒಂದೊಂದೇ ಚೌಕ ನೋಡಿ. ಶಿಪ್ಪರ್ ನೀವು. ಕನ್‌ಸೈನಿ ಅಂದರೆ ಸರಕು ಯಾರಿಗೆ. ಅಲ್ಲಿ "ಟು ಆರ್ಡರ್" ಅಂತಲೋ "ಟು ಆರ್ಡರ್ ಆಫ್" ಇಂಥ ಬ್ಯಾಂಕ್ ಅಂತಲೋ ಇದ್ದರೆ, ಹಿಂಬದಿಯಲ್ಲಿ ಸಹಿ ಹಾಕಿ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ನೋಟಿಫೈ ಪಾರ್ಟಿ ಅಂದರೆ ಹಡಗು ಬಂತು ಅಂತ ಯಾರಿಗೆ ತಿಳಿಸಬೇಕು. ಅವರಿಗೆ ಸರಕಿನ ಮೇಲೆ ಹಕ್ಕಿಲ್ಲ. ಫ್ರೈಟ್ ಪ್ರೀಪೇಯ್ಡ್ ಅಂದರೆ ಬಾಡಿಗೆ ಈಚೆಯೇ ಕಟ್ಟಬೇಕು, ಕಲೆಕ್ಟ್ ಅಂದರೆ ಆಚೆ. "ಸೆಡ್ ಟು ಕಂಟೇನ್" ಅಂದರೆ ಒಳಗೆ 320 ಚೀಲ ಇದೆ ಅಂತ ನೀವು ಹೇಳಿದ್ದು, ಹಡಗಿನವರು ಎಣಿಸಿಲ್ಲ. ಕ್ಲೀನ್ ಬಿಎಲ್ ಅಂದರೆ ಸರಕು ಕೆಟ್ಟಿದೆ, ಹರಿದಿದೆ ಅನ್ನುವ ಷರಾ ಇಲ್ಲದ್ದು. "ಶಿಪ್ಡ್ ಆನ್ ಬೋರ್ಡ್" ತಾರೀಖು ಸರಕು ನಿಜವಾಗಿ ಹಡಗು ಹತ್ತಿದ ದಿನ.

ಎಲ್‌ಸಿ ಮೂಲಕ, ಅಂದರೆ ಬ್ಯಾಂಕಿನ ಖಾತ್ರಿಯ ಮೇಲೆ ವ್ಯಾಪಾರ ಆಗಿದ್ದರೆ ಇಲ್ಲಿ ಒಂದು ಪದ ಆಚೀಚೆ ಆದರೂ ಬ್ಯಾಂಕು ಹಣ ತಡೆಯಬಹುದು. ನನ್ನದೇ ಒಂದು ಸರಕಿನಲ್ಲಿ ಗ್ರಾಹಕರ ಕಂಪನಿ ಹೆಸರಿನ ಕೊನೆಯ ಪದ ಡ್ರಾಫ್ಟ್‌ನಲ್ಲಿ ಬಿಟ್ಟುಹೋಗಿತ್ತು. ಯಾರೂ ನೋಡಲಿಲ್ಲ. ಹಡಗು ಹೊರಟ ಮೇಲೆ ತಿದ್ದಿಸಲು ದಂಡ ಕಟ್ಟಿ, ಹನ್ನೊಂದು ದಿನ ಕಾದೆವು. ಅದಾದ ಮೇಲೆ ಡ್ರಾಫ್ಟನ್ನು ಇಬ್ಬರು ಓದದೆ ಒಪ್ಪಿಗೆ ಕೊಡುವುದಿಲ್ಲ.

ಹಡಗು ಕಂಪನಿ ಕೊಡುವುದು ಮಾಸ್ಟರ್ ಬಿಎಲ್. ಫಾರ್ವರ್ಡರ್ ಅಥವಾ ಎನ್‌ವಿಒಸಿಸಿ ಕೊಡುವುದು ಹೌಸ್ ಬಿಎಲ್. ನಿಮ್ಮ ಕೈಲಿ ಹೌಸ್ ಬಿಎಲ್ ಇದ್ದರೆ, ಹಡಗು ಕಂಪನಿಯ ಲೆಕ್ಕದಲ್ಲಿ ಕಳಿಸಿದವರು ಆ ಫಾರ್ವರ್ಡರ್, ನೀವಲ್ಲ. ಅವರು ಹಡಗಿನ ಬಾಡಿಗೆ ಕಟ್ಟದಿದ್ದರೆ ನಿಮ್ಮ ಸರಕು ಅಲ್ಲಿ ಸಿಕ್ಕಿಬೀಳುತ್ತೆ. ಹಂತ 1ರಲ್ಲಿ ವಿಚಾರಿಸಿ ಅಂದಿದ್ದು ಇದಕ್ಕೇ.

ಟೆಲೆಕ್ಸ್ ರಿಲೀಸ್ ಅಂದರೆ ಮೂಲ ಬಿಎಲ್ ಅನ್ನು ಇಲ್ಲೇ ಹಿಂತಿರುಗಿಸಿ, ಅಲ್ಲಿ ಕಾಗದ ಕೇಳದೆ ಸರಕು ಬಿಡಿ ಅಂತ ಸಂದೇಶ ಕಳಿಸುವುದು. ಹಣ ಪೂರ್ತಿ ಬಂದ ಮೇಲೆ ಮಾತ್ರ ಒಪ್ಪಿ.

ಹಂತ 9: ದಾರಿ, ಇಳಿಯುವ ಬಂದರು, ದಂಡ

ಮಂಗಳೂರಿನಿಂದ ಜಿನೋವಾಕ್ಕೆ ಹೋಗುವ ಕಂಟೇನರ್ ಸಾಮಾನ್ಯವಾಗಿ ಚಿಕ್ಕ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ಬಂದರಿಗೆ ಹೋಗಿ, ಅಲ್ಲಿ ದೊಡ್ಡ ಹಡಗಿಗೆ ಬದಲಾಗುತ್ತೆ. ಇದೇ ಟ್ರಾನ್ಸ್‌ಶಿಪ್‌ಮೆಂಟ್. ತಡ ಆಗುವುದು ಬಹಳ ಸಲ ಇಲ್ಲೇ. ಪಿಒಎಲ್ ಹತ್ತಿಸುವ ಬಂದರು, ಪಿಒಡಿ ಇಳಿಸುವ ಬಂದರು.

ಡೆಮರೇಜ್, ಡಿಟೆನ್ಶನ್ ಎರಡನ್ನೂ ಜನ ಬೆರೆಸಿಬಿಡುತ್ತಾರೆ. ತುಂಬಿದ ಕಂಟೇನರ್ ಬಂದರಿನ ಒಳಗೆ ಉಚಿತ ದಿನ ಮೀರಿ ಕೂತರೆ ಡೆಮರೇಜ್. ಕಂಟೇನರನ್ನು ಹೊರಗೆ ಒಯ್ದು ವಾಪಸ್ ಕೊಡಲು ತಡ ಮಾಡಿದರೆ ಡಿಟೆನ್ಶನ್. ಜಾಗದ ಬಾಡಿಗೆ ಅಂತ ಬಂದರಿನವರು ಬೇರೆಯಾಗಿ ಕೇಳಬಹುದು. ದಿನ ಕಳೆದಂತೆ ದರ ಏರುತ್ತಾ ಹೋಗುತ್ತೆ. ಇಡೀ ಹಡಗನ್ನೇ ಬಾಡಿಗೆಗೆ ಹಿಡಿಯುವ ಕಲ್ಲಿದ್ದಲು, ಅದಿರಿನ ವ್ಯಾಪಾರದಲ್ಲಿ ಡೆಮರೇಜ್ ಅಂದರೆ ಬೇರೆ: ಹಡಗನ್ನು ಒಪ್ಪಿದ ಸಮಯಕ್ಕಿಂತ ಜಾಸ್ತಿ ನಿಲ್ಲಿಸಿಕೊಂಡಿದ್ದಕ್ಕೆ ಕೊಡುವ ಹಣ.

"ಗ್ರಾಹಕರು ಸರಕು ಬಿಡಿಸಿಕೊಳ್ಳದಿದ್ದರೆ ದಂಡ ಅವರದ್ದೇ ತಾನೇ?" ಹಾಗಂತ ನೆಮ್ಮದಿಯಾಗಿ ಇರಬೇಡಿ. ಬಿಎಲ್‌ನ ಹಿಂದಿನ ಸಣ್ಣಕ್ಷರದ ಷರತ್ತುಗಳಲ್ಲಿ "ಮರ್ಚೆಂಟ್" ಅನ್ನುವ ಪದ ಹುಡುಕಿ. ಅದರಲ್ಲಿ ಕಳಿಸಿದವರೂ ಸೇರಿರುತ್ತಾರೆ. ಗ್ರಾಹಕರು ಕೈ ಎತ್ತಿದರೆ ಬಿಲ್ ನಿಮ್ಮ ಬಾಗಿಲಿಗೇ ಬರುತ್ತೆ. ಬುಕಿಂಗ್ ಮಾಡುವಾಗಲೇ ಆಚೆ ಬಂದರಿನಲ್ಲಿ ಜಾಸ್ತಿ ಉಚಿತ ದಿನ ಕೇಳಿ. ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೆ ಇಲ್ಲ.

ಹಂತ 10: ವಿಮೆ, ಮತ್ತು ಹಾನಿಯಾದರೆ ಏನು ಮಾಡಬೇಕು

ಸಿಐಎಫ್‌ನಲ್ಲಿ ಮಾರುವವರು ಮಾಡಿಸಬೇಕಾದ ವಿಮೆ ಕನಿಷ್ಠ ಮಟ್ಟದ್ದು, ಅದಕ್ಕೆ ಕ್ಲಾಝ್ (ವಿಮೆಯ ಷರತ್ತು) ಸಿ ಅನ್ನುತ್ತಾರೆ. ಬೆಂಕಿ, ಹಡಗು ಮುಳುಗುವುದು, ಡಿಕ್ಕಿಯಂಥ ದೊಡ್ಡ ಅನಾಹುತಗಳಿಗೆ ಮಾತ್ರ. ಕಳವಾದರೆ, ಮಳೆಗೆ ನೆಂದರೆ ಸಿಗುವುದಿಲ್ಲ. ಕ್ಲಾಝ್ ಎ ಅನ್ನುವುದು ವಿಶಾಲವಾದದ್ದು. ನೀವು ಕೊಳ್ಳುವವರಾಗಿದ್ದರೆ ಕ್ಲಾಝ್ ಎ ಬೇಕು ಅಂತ ಕರಾರಿನಲ್ಲೇ ಬರೆಸಿ. ವಿಮೆಯ ಮೊತ್ತ ಸರಕಿನ ಬೆಲೆಯ 110 ಪರ್ಸೆಂಟ್ ಇರುವುದು ರೂಢಿ.

ವಿಮೆ ಯಾಕೆ ಬೇಕು ಅನ್ನುವವರು ಜನರಲ್ ಆವರೇಜ್ ಅನ್ನುವ ಪದ ತಿಳಿದುಕೊಳ್ಳಬೇಕು. ಹಡಗನ್ನೂ ಸರಕನ್ನೂ ಅಪಾಯದಿಂದ ಉಳಿಸಲು ಮಾಡಿದ ಖರ್ಚನ್ನು ಅದರಲ್ಲಿ ಸರಕು ಇಟ್ಟ ಎಲ್ಲರೂ ಹಂಚಿಕೊಳ್ಳಬೇಕು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಅಡ್ಡ ಸಿಕ್ಕಿಕೊಂಡಿತ್ತಲ್ಲ, ಆಗ ಆದದ್ದು ಇದೇ. ಅದರಲ್ಲಿದ್ದ ಸಾವಿರಾರು ಕಂಟೇನರ್‌ಗಳ ಮಾಲೀಕರ ಸರಕಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ತಮ್ಮ ಪಾಲಿಗೆ ಖಾತ್ರಿ ಕೊಡದೆ ಸರಕು ಸಿಗುವಂತಿರಲಿಲ್ಲ. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಖಾತ್ರಿ ಕೊಡುತ್ತದೆ. ಇಲ್ಲದವರು ಕೈಯಿಂದ ಠೇವಣಿ ಇಡಬೇಕು. ವಿಮೆ ಯಾಕೆ ಬೇಕು ಅನ್ನುವುದಕ್ಕೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ, 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಬಳಿ ಸುಮಾರು 640 ಕಂಟೇನರ್‌ಗಳ ಸಮೇತ ಮುಳುಗಿತು.

ಹಾನಿ ಆಗಿದ್ದರೆ ಹೀಗೆ ಮಾಡಿ. ಬಾಗಿಲು ತೆರೆಯುವ ಮುಂಚೆ ಸೀಲ್ ನಂಬರನ್ನು ಬಿಎಲ್ ಜೊತೆ ತಾಳೆ ನೋಡಿ, ಫೋಟೋ ತೆಗೆಯಿರಿ. ಕಣ್ಣಿಗೆ ಕಾಣುವ ಹಾನಿಯನ್ನು ಸರಕು ಪಡೆಯುವಾಗಲೇ ಬರಹದಲ್ಲಿ ಹಡಗು ಕಂಪನಿಗೆ ತಿಳಿಸಿ. ಒಳಗೆ ಅಡಗಿದ್ದ ಹಾನಿಯಾದರೆ ಮೂರು ದಿನದೊಳಗೆ. ಹಾನಿ ಅಂದಾಜಿಸುವ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಚೀಲಗಳನ್ನು ಎಸೆಯಬೇಡಿ. ಹಡಗು ಕಂಪನಿಯ ಮೇಲೆ ಕೋರ್ಟಿಗೆ ಹೋಗಲು ಇರುವುದು ಒಂದು ವರ್ಷ. ಅದು ಶುರುವಾಗುವುದು ಸರಕು ಕೈಗೆ ಬಂದ ದಿನದಿಂದ, ಬರದೇ ಹೋಗಿದ್ದರೆ ಬರಬೇಕಿದ್ದ ದಿನದಿಂದ. "ಪರಿಶೀಲಿಸುತ್ತಿದ್ದೇವೆ" ಅನ್ನುವ ಇಮೇಲ್‌ಗಳು ಬರುತ್ತಾ ಇದ್ದರೂ ಆ ವರ್ಷ ಓಡುತ್ತಲೇ ಇರುತ್ತೆ. ಹತ್ತನೇ ತಿಂಗಳಿಗೆ ವಕೀಲರನ್ನು ನೋಡಿ, ಇಲ್ಲವೇ ಗಡುವು ವಿಸ್ತರಿಸಿದ್ದೇವೆ ಅಂತ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ.